ಒಂದು ಮಣೂಕದ ಕೈಪಿಡಿ: ತಿದ್ದಿದ ಆವೃತ್ತಿ

ಪೊಟ್ಟಣ ಬಿಚ್ಚುವ ಮುನ್ನ

ನಮ್ಮ ಉತ್ಪನ್ನವನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ತಮ್ಮ ಅಂಗೈಯಲ್ಲಿ ಈಗ ಇರುವುದು: ಮಣೂಕ, ಒಂದು. ಪುಸ್ತಕದ ಕನ್ನಡದಲ್ಲಿ ಒಣದ್ರಾಕ್ಷಿ. ಮಾದರಿ: ಥಾಮ್ಸನ್ ಸೀಡ್‌ಲೆಸ್. ತಯಾರಾದ ಜಾಗ: ವಿಜಯಪುರ ಜಿಲ್ಲೆ, ತಿಕೋಟಾ ತಾಲ್ಲೂಕು, ರಸ್ತೆಯಿಂದ ಎರಡು ಹೊಲ ಒಳಗಿರುವ ತಗಡಿನ ಶೆಡ್. ಬ್ಯಾಟರಿ ಬೇಕಿಲ್ಲ. ಮಕ್ಕಳ ಕೈಗೆ ಸಿಕ್ಕರೂ ಅಪಾಯವಿಲ್ಲ. ತೆರಿಗೆ ಸಲಹೆಗಾರರ ಕೈಗೆ ಸಿಗದಂತೆ ನೋಡಿಕೊಳ್ಳಿ.

ಈ ಉತ್ಪನ್ನದ ಹಿಂದಿನ ಕೈಪಿಡಿ 2017ರ ಜುಲೈ 1ರದು. ಅದಕ್ಕೆ ಅಂಟಿಸಿದ ತಿದ್ದೋಲೆಗಳ ಭಾರಕ್ಕೆ ಮೂಲ ಪುಟಗಳೇ ಕಾಣದಂತಾದ್ದರಿಂದ, 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳನ್ನೂ ಅದರ ಹಿಂದೆ ಮುಂದೆ ಬಂದ ಸುತ್ತೋಲೆಗಳನ್ನೂ ಸೇರಿಸಿ ಹೊಸದಾಗಿ ಬರೆಯಲಾಗಿದೆ. ಆ ದಿನ ನವರಾತ್ರಿಯ ಘಟಸ್ಥಾಪನೆ. ಮುಹೂರ್ತ ಚೆನ್ನಾಗಿತ್ತು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ.

ಉತ್ಪನ್ನದ ಒಂದು ವಿಶೇಷ ಗುಣ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದರ ಮೇಲೆ ತೆರಿಗೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಬಣ್ಣ, ತೂಕ, ರುಚಿ, ತೊಟ್ಟು ಯಾವುದರಲ್ಲೂ ಅದರ ಗುರುತಿಲ್ಲ. ಗುರುತು ಇರುವುದು ಹಿಡಿದವರ ಕೈಯಲ್ಲಿ.

ಜೋಡಣೆ

ಇದನ್ನು ಮನೆಯಲ್ಲಿ ಜೋಡಿಸುವ ಸಾಹಸಕ್ಕೆ ಕೈ ಹಾಕಬೇಡಿ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬಳ್ಳಿ ಕತ್ತರಿಸುವ ಚಾಟಣಿ ಮಾಡಬೇಕು. ಗೊನೆಯ ಕಾಳು ಉದ್ದವಾಗಲು ಜಿಎ ನೀರಿನಲ್ಲಿ ಅದ್ದಬೇಕು. ಜಿಎ ಅಂದರೆ ಗಿಬ್ಬರೆಲಿಕ್ ಆಸಿಡ್; ಆದರೆ ತಿಕೋಟಾದ ಗೊಬ್ಬರದಂಗಡಿಯಲ್ಲಿ ಪೂರ್ತಿ ಹೆಸರು ಹೇಳಿದವರನ್ನು ಹೊರಗಿನವರೆಂದು ಹಿಡಿಯುತ್ತಾರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು. ಕೊಯ್ದದ್ದನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಬಿಸಿಲು ನೇರ ಬಿದ್ದರೆ ಕಾಳು ಕಪ್ಪಾಗುತ್ತದೆ. ಆದ್ದರಿಂದ ಒಣಗಿಸುವ ಕೆಲಸವನ್ನೆಲ್ಲ ಗಾಳಿ ಮಾಡಬೇಕು. ಎರಡು ಮೂರು ವಾರದ ಮೇಲೆ ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಹೋಗಿ ಒಂದು ಕಿಲೋ ಮಣೂಕ ಉಳಿಯುತ್ತದೆ. ನಡುವೆ ಅಡ್ಡಮಳೆ ಬಂದರೆ ಬಣ್ಣ ಹೋಗುತ್ತದೆ. ಬಣ್ಣ ಹೋದರೆ ದರ ಹೋಗುತ್ತದೆ. ಅದಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ಹಸಿ ದ್ರಾಕ್ಷಿಗೆ ಜಿಎಸ್‌ಟಿ ಇಲ್ಲ. ಒಣಗಿದ ದ್ರಾಕ್ಷಿಗೆ ಶೇ 5. ಹಾಗಾದರೆ ತೆರಿಗೆ ಒಳಗೆ ಬಂದದ್ದು ಯಾವ ದಿನ? ಜಾಳಿಗೆಯ ಮೇಲೆ ಮಲಗಿದ್ದಾಗ ಏಳನೆಯ ರಾತ್ರಿಯೋ, ಒಂಬತ್ತನೆಯ ಮಧ್ಯಾಹ್ನವೋ? ವಿಜಯಪುರದ ಲೆಕ್ಕದವರೊಬ್ಬರ ಕೋಣೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ, ಕನಮಡಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ತೀರ್ಪು ಕೊಟ್ಟುಬಿಟ್ಟರು.

"ತಮ್ಮಾ, ನಾ ಬೆಳದದ್ದು ಹಣ್ಣ. ಹಣ್ಣಿಗೆ ಟ್ಯಾಕ್ಸ್ ಇಲ್ಲ ಅಂತಿ. ಒಣಗಿಸಿದಾಂವ ಗಾಳೆಪ್ಪ. ಹಂಗಂದ್ರ ನೋಟಿಸ್ ಅಂವಗ ಕಳಸ್ರಿ."

"ಕಾಕಾ, ಗಾಳಿಗೆ ಪ್ಯಾನ್ ಕಾರ್ಡ್ ಇಲ್ರಿ."

"ಹಂಗಾರ ಅಂವ ಶಾಣ್ಯಾ ಆದ ಬಿಡು."

ಚಾಲನೆ: ಮೊದಲು ಕೈ ನೋಡಿ

ಕಾಕಾನ ತೀರ್ಪನ್ನು ಜಿಎಸ್‌ಟಿ ಮಂಡಳಿ ಒಪ್ಪಿಕೊಂಡಿತು, ಗಾಳಿಯ ಹೆಸರು ಎತ್ತದೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಮಂಡಳಿಯ 55ನೇ ಸಭೆ ನಡೆಯಿತು. ಒಣಗಿಸುವ ವಿಷಯ ಮಾತಾಡಲು ಮರುಭೂಮಿಗೆ ಹೋದದ್ದು ಸರಿಯಾಗಿಯೇ ಇದೆ. ಕೃಷಿಕ ತಾನು ಬೆಳೆದ ಒಣದ್ರಾಕ್ಷಿಯನ್ನು, ಹಾಗೆಯೇ ಕಾಳುಮೆಣಸನ್ನು, ತಾನೇ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ಅಲ್ಲಿ ಸ್ಪಷ್ಟಪಡಿಸಿದರು. 2025ರ ಫೆಬ್ರುವರಿ 14ರಂದು ಅದು ಸುತ್ತೋಲೆಯಾಗಿ ಹೊರಬಿತ್ತು. ಪ್ರೇಮಿಗಳ ದಿನದಂದು ಸರಕಾರದಿಂದ ದ್ರಾಕ್ಷಿ ಬೆಳೆಗಾರರಿಗೆ ಬಂದ ಕಾಗದ ಅದೊಂದೇ ಇರಬೇಕು. ಉಪ್ಪು ಹಾಕಿದ ಪಾಪ್‌ಕಾರ್ನ್ ಯಾವುದು, ಸಕ್ಕರೆ ಪಾಕ ಹಾಕಿದ್ದು ಯಾವುದು, ಬಿಡಿಯಾಗಿ ಕೊಟ್ಟರೆ ಎಷ್ಟು, ಪೊಟ್ಟಣದಲ್ಲಿ ಕೊಟ್ಟರೆ ಎಷ್ಟು ಎಂದು ದೇಶವನ್ನೆಲ್ಲ ನಗಿಸಿದ ವಿವರಣೆಯೂ ಅದೇ ಸುತ್ತೋಲೆಯಲ್ಲಿ ಇದೆ. ಪತ್ರಿಕೆಗಳು ಪಾಪ್‌ಕಾರ್ನ್ ಹಿಡಿದುಕೊಂಡು ಓಡಿದವು. ಮಣೂಕದ ಸಾಲು ಓದಿದವರು ಇತ್ತ ವಿಜಯಪುರದವರು, ಅತ್ತ ಸಾಂಗ್ಲಿ, ತಾಸಗಾಂವದವರು.

ಈಗ ಹಂತ ಹಂತವಾಗಿ ಚಾಲನೆ ಮಾಡೋಣ.

ಕಾಳನ್ನು ಹಿಡಿದ ಕೈ ಬೆಳೆದವರದೇ ಆಗಿದ್ದರೆ, ನೋಂದಣಿ ಬೇಡ, ತೆರಿಗೆ ಬೇಡ. ಎಷ್ಟು ಲಕ್ಷದ ಮಾಲು ಎಂಬ ಪ್ರಶ್ನೆಯೂ ಇಲ್ಲ. ಕಾನೂನಿನಲ್ಲಿ ಕೃಷಿಕ ಎಂದರೆ ಒಬ್ಬ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ. ಸ್ವಂತ ದುಡಿಮೆಯಿಂದಲೋ, ಮನೆಯವರ ದುಡಿಮೆಯಿಂದಲೋ, ತಾನು ನಿಂತು ನೋಡಿಕೊಳ್ಳುವ ಆಳುಗಳಿಂದಲೋ ಸಾಗುವಳಿ ಮಾಡುವವರು. ನಿಂತು ನೋಡಿಕೊಳ್ಳುವುದು ಎಂದರೆ ಬದುವಿನ ಮೇಲೆ ನಿಲ್ಲುವುದೋ, ವಿಜಯಪುರದ ಮನೆಯಿಂದ ವಿಡಿಯೊ ಕಾಲ್ ಮಾಡುವುದೋ? ಕಾನೂನು ಇನ್ನೂ ಅಷ್ಟು ಒಳಕ್ಕೆ ಇಳಿದಿಲ್ಲ. ಇಳಿಯುವ ಮುನ್ನ ತಿಂಗಳಿಗೊಮ್ಮೆಯಾದರೂ ಬದುವಿಗೆ ಹೋಗಿ ಬನ್ನಿ.

ಅದೇ ಕೈ ಪಕ್ಕದ ಹೊಲದವನ ಹಸಿ ಹಣ್ಣನ್ನೂ ಕೊಂಡು ತನ್ನ ಶೆಡ್ಡಿನಲ್ಲಿ ಒಣಗಿಸಿ ಮಾರಿದರೆ, ಆ ಕಾಳುಗಳ ಮಟ್ಟಿಗೆ ಆ ಕೈ ವ್ಯಾಪಾರಿಯ ಕೈ. ಒಂದೇ ಜಾಳಿಗೆಯ ಮೇಲೆ, ಒಂದೇ ಗಾಳಿಯಲ್ಲಿ, ಎಡಗಡೆಯ ಅರ್ಧ ಕೃಷಿ, ಬಲಗಡೆಯ ಅರ್ಧ ವ್ಯಾಪಾರ. ಕಾಳುಗಳು ಉರುಳಿ ಕಲೆಯದಂತೆ ನೋಡಿಕೊಳ್ಳಿ. ಕಲೆತರೆ ಕಾಳಿಗೆ ಏನೂ ಆಗುವುದಿಲ್ಲ, ಲೆಕ್ಕ ಬರೆಯುವವರಿಗೆ ತಲೆನೋವು ಬರುತ್ತದೆ.

ಮೂರನೆಯ ಕೈ ಸ್ವಲ್ಪ ನೋವಿನದು. ಹತ್ತಾರು ಬೆಳೆಗಾರರು ಸೇರಿ ಉತ್ಪಾದಕರ ಕಂಪನಿ ಮಾಡಿಕೊಳ್ಳಿ, ದಲಾಲಿಯಿಂದ ಬಿಡಿಸಿಕೊಳ್ಳಿ ಎಂದು ಸರಕಾರವೇ ಊರೂರಿಗೆ ಬಂದು ಹೇಳುತ್ತದೆ. ಅವರು ಮಾಡಿಕೊಳ್ಳುತ್ತಾರೆ, ಬೋರ್ಡು ಬರೆಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಕಂಪನಿ ಎಂಬುದು ವ್ಯಕ್ತಿಯಲ್ಲ, ಅವಿಭಕ್ತ ಕುಟುಂಬವೂ ಅಲ್ಲ. ಅದಕ್ಕೆ ಅಪ್ಪ ಅವ್ವ ಇಲ್ಲ, ಹೊಲದಲ್ಲಿ ಬಾಗಿ ಕಳೆ ಕೀಳುವುದಿಲ್ಲ. ಹಾಗಾಗಿ ಕೃಷಿಕ ಎಂಬ ಅರ್ಥದೊಳಗೆ ಅದು ಬರುವುದಿಲ್ಲ. ಒಬ್ಬೊಬ್ಬರೇ ಮಾರಿದರೆ ಇಲ್ಲದ ತೆರಿಗೆ, ಒಗ್ಗಟ್ಟಾಗಿ ಕಂಪನಿಯ ಹೆಸರಿನಲ್ಲಿ ಮಾರಿದಾಗ ಲೆಕ್ಕಕ್ಕೆ ಬರುತ್ತದೆ. ನನಗೆ ಈ ಇಡೀ ಕೈಪಿಡಿಯಲ್ಲಿ ತಿದ್ದಬೇಕು ಎನಿಸುವ ಸಾಲು ಇದೊಂದೇ. ಉಳಿದವುಗಳ ಜೊತೆ ಹೇಗೋ ಬಾಳಬಹುದು.

ನಾಲ್ಕನೆಯ ಕೈ ಎಪಿಎಂಸಿಯಲ್ಲಿ ಮಾಲು ಹಿಡಿಯುವ ನೋಂದಾಯಿತ ವ್ಯಾಪಾರಿಯದು. ಬೆಳೆಗಾರರಿಂದ ಕೊಂಡಾಗ ಅವರು ತೆರಿಗೆ ಕೊಡುವುದಿಲ್ಲ. ಮುಂದಕ್ಕೆ ಮಾರುವಾಗ ಶೇ 5 ಹಾಕುತ್ತಾರೆ. ಅವರ ಬಿಲ್ಲಿನಿಂದ ಕಾಳು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನ ಅಂಗಡಿಯ ಗಾಜಿನ ಭರಣಿಗೆ ಬರುತ್ತದೆ. ಅಲ್ಲಿ ಅದರ ಅಕ್ಕಪಕ್ಕ ಬಾದಾಮಿ, ಪಿಸ್ತಾ, ಅಂಜೂರ, ಖರ್ಜೂರ. ಈ ನಾಲ್ವರೂ 2025ರ ಸೆಪ್ಟೆಂಬರ್ 21ರ ರಾತ್ರಿಯವರೆಗೆ ಶೇ 12ರ ಸಾಹುಕಾರರು. ಮರುದಿನ ಬೆಳಿಗ್ಗೆ ಶೇ 5ಕ್ಕೆ ಇಳಿದು ಮಣೂಕದ ಪಂಕ್ತಿಯಲ್ಲೇ ಬಂದು ಕುಳಿತರು. ಮಣೂಕ ಮೊದಲಿನಿಂದಲೂ ಐದರಲ್ಲೇ ಇತ್ತು. ಅದಕ್ಕೆ ಇಳಿಕೆ ಏನೂ ಸಿಗಲಿಲ್ಲ, ಒಳ್ಳೆಯ ನೆರೆಹೊರೆ ಸಿಕ್ಕಿತು.

ಕೊನೆಯ ಕೈ ತಮ್ಮದು. ತಾವು ತಿನ್ನುವವರು. ತಮಗೆ ವಿನಾಯಿತಿ ಇಲ್ಲ.

ಗಡಿ ದಾಟಿಸುವಾಗ

ತಿಕೋಟಾದಿಂದ ಪಡುವಣಕ್ಕೆ ಹೊರಟರೆ ಬಸ್ಸಿನಲ್ಲಿ ಟಿಕೀಟು ಹರಿಯುವುದರೊಳಗೆ ಮಹಾರಾಷ್ಟ್ರ. ಅಲ್ಲಿನ ಜತ್ತದಲ್ಲಿ ಇಲ್ಲಿಯವರ ಸೋದರಮಾವಂದಿರಿದ್ದಾರೆ, ತಾಸಗಾಂವದಲ್ಲಿ ಮಣೂಕದ ದೊಡ್ಡ ಪೇಟೆ ಇದೆ. ಹೆಣ್ಣು ಕೊಡುವುದು ತರುವುದು ಗಡಿ ನೋಡುವುದಿಲ್ಲ. ಜಿಎಸ್‌ಟಿ ನೋಡುತ್ತದೆ.

ಸಣ್ಣ ವ್ಯಾಪಾರಿಗೆ ಸಾಮಾನು ಮಾತ್ರ ಮಾರುತ್ತಿದ್ದರೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಆದರೆ ತೆರಿಗೆ ಇರುವ ಮಾಲನ್ನು ಇನ್ನೊಂದು ರಾಜ್ಯಕ್ಕೆ ಮಾರಿದಿರೋ, ಆ 40 ಲಕ್ಷದ ಕೊಡೆ ಮಡಚಿಕೊಳ್ಳುತ್ತದೆ. ನೋಂದಣಿ ಕಡ್ಡಾಯ. ಒಂದೂವರೆ ಕೋಟಿ ವಹಿವಾಟಿನವರೆಗೆ ಶೇ 1 ಕಟ್ಟಿ ಕೈ ತೊಳೆದುಕೊಳ್ಳುವ ರಾಜಿ ತೆರಿಗೆ ಪದ್ಧತಿಯೂ ಗಡಿಯಾಚೆ ಮಾರುವವರಿಗಿಲ್ಲ. ಹೀಗಾಗಿ ವಿಜಯಪುರದಿಂದ ನೂರಾರು ಮೈಲಿ ದೂರದ ಬೆಂಗಳೂರಿಗೆ ಮಾಲು ಕಳಿಸುವ ವ್ಯಾಪಾರಿಗೆ ಸಿಗುವ ಅನುಕೂಲ, ಕಣ್ಣಿಗೆ ಕಾಣುವ ಜತ್ತಕ್ಕೆ ಕಳಿಸುವವರಿಗೆ ಇಲ್ಲ.

ಬೆಳೆಗಾರರೇ ತಮ್ಮ ಮಾಲು ಒಯ್ಯುವಾಗ ಗಾಡಿಯಲ್ಲಿ ಉತಾರದ, ಅಂದರೆ ಪಹಣಿಯ, ಪ್ರತಿ ಇಟ್ಟುಕೊಳ್ಳುವುದು ಜಾಣತನ. ಉತಾರದಲ್ಲಿ ಬೆಳೆಯ ಕಾಲಂ ಖಾಲಿ ಇದ್ದರೆ, ಅಥವಾ ದ್ರಾಕ್ಷಿ ಹಚ್ಚಿ ಹತ್ತು ವರ್ಷವಾದರೂ ಅದರಲ್ಲಿ ಇನ್ನೂ ಜೋಳವೇ ನಿಂತಿದ್ದರೆ, ಕಾನೂನಿನ ಕಣ್ಣಿಗೆ ತಾವು ಜೋಳದಿಂದ ಮಣೂಕ ತೆಗೆದ ಮಹಾನುಭಾವರು. ಮೊದಲು ಗ್ರಾಮ ಆಡಳಿತಾಧಿಕಾರಿಯನ್ನು ಕಂಡು ಸರಿ ಮಾಡಿಸಿಕೊಳ್ಳಿ.

ಬಿಡಿಭಾಗಗಳು

ಈ ಅಧ್ಯಾಯದಲ್ಲಿ ಸಿಹಿಸುದ್ದಿ ಇದೆ, ಅದಕ್ಕೇ ಚಿಕ್ಕದು. 2025ರ ಸೆಪ್ಟೆಂಬರ್ 3ರಂದು ಮಂಡಳಿಯ 56ನೇ ಸಭೆಯಲ್ಲಿ 12 ಮತ್ತು 28ರ ಮೆಟ್ಟಿಲು ಕಿತ್ತು, 5 ಮತ್ತು 18 ಉಳಿಸಿ, ಚಟದ ಸಾಮಾನಿಗೂ ಐಷಾರಾಮಿಗೂ 40 ಇಟ್ಟರು. ಟ್ರ್ಯಾಕ್ಟರ್, ಹನಿ ನೀರಾವರಿ ಸಾಮಗ್ರಿ, ತುಂತುರು ನೀರಾವರಿ ಸಾಮಗ್ರಿ, ಮೇಲೆ ಹೇಳಿದ ಜಿಎ, ಮಾಲು ತುಂಬುವ ರಟ್ಟಿನ ಪೆಟ್ಟಿಗೆ ಇವೆಲ್ಲ 12ರಿಂದ 5ಕ್ಕೆ ಬಂದವು. ಟ್ರ್ಯಾಕ್ಟರ್ ಟೈರು 18ರಿಂದ 5ಕ್ಕೆ. ಟ್ರೈಕೋಡರ್ಮಾ, ಸೂಡೋಮೊನಾಸ್, ಬೇವಿನ ಔಷಧಿ ಮುಂತಾದ ಹನ್ನೆರಡು ಜೈವಿಕ ಕೀಟನಾಶಕಗಳೂ ಐದಕ್ಕೆ ಇಳಿದವು. ರಾಸಾಯನಿಕ ಔಷಧಿ 18ರಲ್ಲೇ ನಿಂತಿದೆ. ದ್ರಾಕ್ಷಿ ತೋಟಕ್ಕೆ ಮೋಡ ಕವಿದ ವಾರದಲ್ಲಿ ಯಾವುದು ಹೆಚ್ಚು ಖರ್ಚಾಗುತ್ತದೆ ಎಂದು ಔಷಧಿ ಅಂಗಡಿಯ ಉದ್ರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಗಮನಿಸಬೇಕಾದ ಮಾತು: ಬೆಳೆಗಾರ ತೆರಿಗೆಯ ಹೊರಗಿರುವುದರಿಂದ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಎಲ್ಲಿಯೂ ಹಿಂದಕ್ಕೆ ಪಡೆಯುವಂತಿಲ್ಲ. ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ಎಂಬ ಕಿಸೆ ಇದೆ, ರೈತನ ಅಂಗಿಗೆ ಆ ಕಿಸೆ ಹೊಲಿದಿಲ್ಲ. ಟ್ರ್ಯಾಕ್ಟರಿನ ಮೇಲೆ ಏಳು ಅಂಶ ಇಳಿದದ್ದು ಅವನಿಗೆ ಪೂರ್ತಿ ಲಾಭವಾಗುವುದೂ, ಔಷಧಿಯ ಹದಿನೆಂಟು ಪೂರ್ತಿ ಹೊರೆಯಾಗುವುದೂ ಇದೇ ಕಾರಣಕ್ಕೆ.

ಮಗನ ಮದುವೆಗೆ ಬೈಕ್ ನೋಡುತ್ತಿದ್ದರೆ 350 ಸಿಸಿಯ ಒಳಗೇ ನೋಡಿ. ಒಳಗಿದ್ದರೆ 28ರಿಂದ 18ಕ್ಕೆ ಇಳಿದಿದೆ, ಹೊರಗೆ ಹೋದರೆ 40. ಬೀಗರ ಸಿಸಿ ಎಷ್ಟು ಎಂದು ನಿಶ್ಚಿತಾರ್ಥಕ್ಕೆ ಮೊದಲೇ ಕೇಳಿಕೊಳ್ಳುವುದು ಲೇಸು.

ಇನ್ನು ರೊಟ್ಟಿ. ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿಗಳ ಮೇಲೆ ತೆರಿಗೆ ಶೂನ್ಯ. ಹತ್ತು ಕಡಕ ರೊಟ್ಟಿಯ ಕಟ್ಟು ಕೊಂಡು ಮನೆಗೆ ಒಯ್ದರೆ ಏನೂ ಇಲ್ಲ. ಅದೇ ರೊಟ್ಟಿಯನ್ನು ನೋಂದಣಿಯಾದ ಖಾನಾವಳಿಯಲ್ಲಿ ಕುಳಿತು, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದರೆ ಅದು ಹೋಟೆಲ್ ಸೇವೆ, ಶೇ 5. ತೆರಿಗೆ ರೊಟ್ಟಿಗಲ್ಲ, ತಾವು ಕೂತದ್ದಕ್ಕೆ.

ಕ್ಯೂಆರ್ ಚೀಟಿಯ ಆರೈಕೆ

ಈ ಭಾಗ ಬಬಲೇಶ್ವರದ ಬಸ್ ಸ್ಟ್ಯಾಂಡಿನ ಎದುರಿಗಿರುವಂಥ ಕಿರಾಣಿ ಅಂಗಡಿಗಳವರಿಗೆ. ಗೋಡೆಗೆ ಅಂಟಿಸಿದ ಚೀಟಿ ದುಡ್ಡು ತೆಗೆದುಕೊಳ್ಳುವ ಸಾಧನ ಎಂದು ಎಲ್ಲರೂ ತಿಳಿದಿದ್ದರು. ಅದು ದಿನಚರಿಯನ್ನೂ ಬರೆಯುತ್ತಿತ್ತು ಎಂದು ಗೊತ್ತಾದದ್ದು 2025ರ ಜುಲೈನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಹಿಂದಿನ ನಾಲ್ಕು ವರ್ಷಗಳ ಯುಪಿಐ ಲೆಕ್ಕ ತರಿಸಿಕೊಂಡು, ಮಿತಿ ದಾಟಿದ್ದಾರೆ ಎನಿಸಿದ ಅಂಗಡಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟಿ ಎಂದು ಬಂದ ನೋಟಿಸು ರಾಜ್ಯದ ಬಾಯಿಗೆಲ್ಲ ಬಿತ್ತು. ಬೆಂಗಳೂರಿನ ಅಂಗಡಿಗಳು ಚೀಟಿ ಕಿತ್ತು, ನಗದು ಮಾತ್ರ ಎಂದು ಬರೆದು ಹಚ್ಚಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೆಯ ಬಾಕಿಗೆ ಕೈ ಹಾಕುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ವ್ಯಾಪಾರಿಗಳು 25ಕ್ಕೆ ಕರೆ ಕೊಟ್ಟಿದ್ದ ಬಂದ್ ನಿಂತಿತು.

ಇಲ್ಲಿ ಗದ್ದಲದೊಳಗೆ ಎರಡು ಮಾತು ಕಲೆತುಹೋದವು. ತರಕಾರಿ, ಹಾಲು, ಬಿಡಿ ಜೋಳದಂಥ ತೆರಿಗೆ ಇಲ್ಲದ ಸಾಮಾನನ್ನಷ್ಟೇ ಮಾರುವವರಿಗೆ ಎಷ್ಟು ಕೋಟಿ ವಹಿವಾಟಾದರೂ ನೋಂದಣಿ ಬೇಡ. ಆದರೆ ಅದರ ಜೊತೆಗೆ ಒಂದು ಬಿಸ್ಕಿಟ್ ಭರಣಿ ಇಟ್ಟಿರೋ, ಲೆಕ್ಕವೇ ಬೇರೆ. 40 ಲಕ್ಷದ ಮಿತಿ ನೋಡುವಾಗ ತೆರಿಗೆ ಇರುವುದನ್ನೂ ಇಲ್ಲದ್ದನ್ನೂ ಕೂಡಿಸಿ ನೋಡುತ್ತಾರೆ. ವರ್ಷಕ್ಕೆ 36 ಲಕ್ಷದ ಹಾಲು, ಕಾಯಿಪಲ್ಲೆ, ಬಿಡಿ ಜೋಳ. 6 ಲಕ್ಷದ ಸಾಬೂನು, ಬಿಸ್ಕಿಟ್, ಎಣ್ಣೆ ಎಂದಿಟ್ಟುಕೊಳ್ಳಿ. ಒಟ್ಟು 42. ನೋಂದಣಿ ಬೇಕು. ಹೆದರುವಂಥದ್ದೇನಿಲ್ಲ, ರಾಜಿ ಪದ್ಧತಿಯಲ್ಲಿ ಆ 6 ಲಕ್ಷದ ಮೇಲೆ ಶೇ 1, ಅಂದರೆ ವರ್ಷಕ್ಕೆ ಆರು ಸಾವಿರ. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಮ್ಮೆ ರಿಟರ್ನ್ ಹಾಕುವುದು. ಗಿರಾಕಿಯ ಕಡೆಯಿಂದ ಅದನ್ನು ವಸೂಲು ಮಾಡುವ ಹಾಗಿಲ್ಲ, ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬರೆಯುವ ಹಾಗಿಲ್ಲ. ಈ ಸರಳ ಲೆಕ್ಕವನ್ನು ನೋಟಿಸಿಗೆ ಮೊದಲು ಅಂಗಡಿಗೆ ಬಂದು ಒಬ್ಬರು ಹೇಳಿದ್ದರೆ ಆ ಜುಲೈ ತಿಂಗಳಿಗೆ ಅಷ್ಟು ಗದ್ದಲ ಬೇಕಿರಲಿಲ್ಲ.

ಜೋಳದ ಮಾತು ಬಂತು. ಬಿಡಿಯಾಗಿ ತೂಗಿ ಕೊಟ್ಟ ಜೋಳಕ್ಕೆ, ಬೆಲ್ಲಕ್ಕೆ, ಹಿಟ್ಟಿಗೆ ತೆರಿಗೆ ಇಲ್ಲ. 25 ಕಿಲೋದೊಳಗಿನ ಚೀಲದಲ್ಲಿ ಮೊದಲೇ ತುಂಬಿ ಚೀಟಿ ಹಚ್ಚಿಟ್ಟರೆ ಶೇ 5. ಇದು 2022ರ ಜುಲೈ 18ರಿಂದ ಇದೆ. ಮಣೂಕಕ್ಕೆ ಈ ಸವಲತ್ತಿಲ್ಲ. ಬಿಡಿ ಇರಲಿ, ಕಟ್ಟಿದ್ದಿರಲಿ, ವ್ಯಾಪಾರಿಯ ತಕ್ಕಡಿಯಲ್ಲಿ ಅದು ಐದೇ.

ಚೀಟಿಯ ಆರೈಕೆ ಹೇಗೆಂದರೆ: ಅಂಗಡಿಗೆ ಒಂದು, ಮನೆಗೆ ಒಂದು, ಬೇರೆ ಬೇರೆ ಖಾತೆ. ಮೈದುನ ತಿರುಗಿಸಿದ ಕೈಗಡ, ಸಿದ್ಧೇಶ್ವರ ಜಾತ್ರೆಯ ಪಟ್ಟಿ, ಮಗಳ ಹಾಸ್ಟೆಲಿಗೆಂದು ಮಾವ ಹಾಕಿದ ದುಡ್ಡು ಎಲ್ಲವೂ ಗೋಡೆಯ ಒಂದೇ ಚೀಟಿಗೆ ಬಂದು ಬೀಳುತ್ತಿದ್ದರೆ ಕಂಪ್ಯೂಟರಿಗೆ ಅದೆಲ್ಲ ಸಕ್ಕರೆ ಮಾರಿದ ರೊಕ್ಕ. ಮೈದುನ ಯಾರು ಎಂದು ಅದಕ್ಕೆ ತಿಳಿಸಿ ಹೇಳಲು ತಮಗೆ ನಾಲ್ಕು ವರ್ಷದ ನೆನಪು ಬೇಕು.

ನೋಂದಣಿ ಮಾಡಿಸುವುದೇ ಎಂದು ಮನಸ್ಸು ಮಾಡಿದರೆ, ತಿಂಗಳಿಗೆ ಎರಡೂವರೆ ಲಕ್ಷದೊಳಗೆ ತೆರಿಗೆ ಕಟ್ಟುವವರಿಗೆ 2025ರ ನವೆಂಬರ್ 1ರಿಂದ ಸುಲಭದ ದಾರಿ ಇದೆ. ಆಧಾರ್ ಪರಿಶೀಲನೆಯೊಂದಿಗೆ ಅರ್ಜಿ ಹಾಕಿದರೆ ಕೆಲಸದ ಮೂರು ದಿನದಲ್ಲಿ ನಂಬರು. ಆ ಮೂರು ದಿನದಲ್ಲಿ ಒಟಿಪಿ ಬರುವ ಮೊಬೈಲು ಮಗನ ಜೊತೆ ಪುಣೆಗೆ ಹೋಗಿರಬಾರದು, ಅಷ್ಟೇ.

ವಿದ್ಯುತ್ ಸಂಪರ್ಕ, ಅಂದರೆ ಸಾಲ

ಮಣೂಕ ಸಾಲದ ಮೇಲೆ ನಡೆಯುವ ಯಂತ್ರ. ಚಾಟಣಿಯಿಂದ ಮಾರಾಟದವರೆಗೆ ಯಾರದಾದರೂ ರೊಕ್ಕ ಓಡುತ್ತಿರಬೇಕು. ಅಡವಿಲ್ಲದೆ ಸಿಗುವ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 2025ರ ಜನವರಿ 1ರಿಂದ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು. ದ್ರಾಕ್ಷಿ ತೋಟಕ್ಕೆ ಎರಡು ಲಕ್ಷ ಎಲ್ಲಿ ಹತ್ತುತ್ತದೆ ಎಂದು ಕೇಳಬೇಡಿ. ಕೇಳಿದರೆ ಮುಂದಿನ ಪ್ಯಾರಾಕ್ಕೆ ಬರುತ್ತೀರಿ: ಬಂಗಾರ.

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ಬಂಗಾರದ ಸಾಲಕ್ಕೆ ಹೊಸ ನಿಯಮ ತಂದಿತು, ಎಲ್ಲರೂ ಪಾಲಿಸಲು ಕೊನೆಯ ಗಡುವು 2026ರ ಏಪ್ರಿಲ್ 1. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆ ಬೆಲೆಯ ಶೇ 85, ಐದು ಲಕ್ಷದವರೆಗೆ 80, ಅದರ ಮೇಲೆ 75. ಬೆಲೆ ಕಟ್ಟುವಾಗ ಬಂಗಾರದ್ದಷ್ಟೇ ಲೆಕ್ಕ, ಹರಳಿನದಲ್ಲ. ಅವ್ವ ಕೊಟ್ಟ ಬೋರಮಾಳದ ಅರಗು ತೂಕಕ್ಕೆ ಬರುತ್ತದೆಂದು ನಂಬಿ ಹೋದವರು ಕೌಂಟರಿನ ಮುಂದೆ ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ತೂಗುವಾಗ, ಬೆಲೆ ಕಟ್ಟುವಾಗ ತಾವು ಎದುರಿಗೇ ಇರಬೇಕು, ಬರೆದ ಚೀಟಿ ಕೇಳಿ ಪಡೆಯಬೇಕು. ಸಾಲ ತೀರಿಸಿದ ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ಕೈಗೆ ಬರಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ಕೊಡಬೇಕು. ಅಡವಿಟ್ಟದ್ದು ಕಳೆದರೆ ಪರಿಹಾರ ಅವರದು.

ಕಳೆದರೆ ಎನ್ನುವ ಶಬ್ದ ಬೇರೆ ಜಿಲ್ಲೆಯವರಿಗೆ ಬರೀ ಷರತ್ತು. ಇಲ್ಲಿ ಹಾಗಲ್ಲ. 2025ರ ಮೇ ತಿಂಗಳಲ್ಲಿ ಮನಗೂಳಿಯ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟ ಐವತ್ತೆಂಟು ಕಿಲೋಗೂ ಹೆಚ್ಚು ಬಂಗಾರ ಕಳುವಾಯಿತು. ಸೆಪ್ಟೆಂಬರ್‌ನಲ್ಲಿ ಚಡಚಣದಲ್ಲಿ ಮುಸುಕುಧಾರಿಗಳು ಬ್ಯಾಂಕ್ ದರೋಡೆ ಮಾಡಿದರು. ಆ ವರ್ಷ ಮದುವೆ ಮನೆಗಳಲ್ಲಿ ಕೊರಳು ನೋಡಿ ಸಾಲದ ಲೆಕ್ಕ ಹಾಕುವುದನ್ನು ಬಿಟ್ಟು ಎಲ್ಲರೂ ಲಾಕರ್ ಎಲ್ಲಿದೆ ಎಂದು ಕೇಳತೊಡಗಿದ್ದರು.

ಎಚ್ಚರಿಕೆ: ಮೇಲಿನ ನಿಯಮವೆಲ್ಲ ರಿಸರ್ವ್ ಬ್ಯಾಂಕಿನ ಕೈಕೆಳಗಿರುವ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ. ಓಣಿಗೊಂದರಂತೆ ಇರುವ ಸೌಹಾರ್ದ, ಪತ್ತಿನ ಸೊಸೈಟಿಗಳು ರಾಜ್ಯದ ಸಹಕಾರ ಕಾಯ್ದೆಗಳ ಅಡಿ ಬರುತ್ತವೆ. ಅಲ್ಲಿ ಈ 85, 5,000 ಯಾವುದನ್ನೂ ತೋರಿಸಿ ಜಗಳಾಡಲು ಬರುವುದಿಲ್ಲ. ಬ್ಯಾಂಕಿನ ಠೇವಣಿಗೆ ಇರುವ ಐದು ಲಕ್ಷದ ವಿಮೆಯೂ ಅಲ್ಲಿಲ್ಲ. ಕೆಲಸ ಮಾತ್ರ ಅಲ್ಲಿ ಬೇಗ ಆಗುತ್ತದೆ, ಯಾಕೆಂದರೆ ಮ್ಯಾನೇಜರ್ ನಿಮ್ಮ ಅಳಿಯನ ದೋಸ್ತ.

ದೋಷ ನಿವಾರಣೆ

ದೋಷ: ವ್ಯಾಪಾರಿ ಚೆಕ್ ಕೊಟ್ಟಿದ್ದಾರೆ, ರೊಕ್ಕ ಜಮೆಯಾಗಿಲ್ಲ. "ಬ್ಯಾಂಕಿನ್ಯಾಗ ಎರಡ ದಿನ ಹಿಡಿತೈತ್ರಿ" ಎನ್ನುತ್ತಾರೆ.
ಪರಿಹಾರ: 2025ರ ಅಕ್ಟೋಬರ್ 4ರಿಂದ ಬೆಳಿಗ್ಗೆ ಹತ್ತರಿಂದ ನಾಲ್ಕರೊಳಗೆ ಹಾಕಿದ ಚೆಕ್ಕಿನ ಹಣೆಬರಹ ಅಂದು ಸಂಜೆ ಏಳಕ್ಕೆ ತೀರ್ಮಾನವಾಗುತ್ತದೆ. ಎರಡು ದಿನದ ಕಥೆ ಹಳೆಯ ಆವೃತ್ತಿಯದು. ಚೆಕ್ಕಿನ ಮೇಲೆ ಯಾವ ತಾರೀಖು ಬರೆದಿದ್ದಾರೆ ಎಂದು ಈಗಲಾದರೂ ನೋಡಿಕೊಳ್ಳಿ. ಮುಂದಿನ ಶ್ರಾವಣದ ತಾರೀಖಾಗಿದ್ದರೆ ಯಂತ್ರದಲ್ಲಿ ದೋಷವಿಲ್ಲ.

ದೋಷ: ಸಾಬೂನಿಗೆ ತೆರಿಗೆ ಇಳಿದಿದೆ, ಬೆಲೆ ಇಳಿದಿಲ್ಲ.
ಪರಿಹಾರ: ಹಳೆಯ ಸ್ಟಾಕು ಎನ್ನುವರು. ಸಾಬೂನು, ಹಲ್ಲಿನ ಪೇಸ್ಟು, ತಲೆ ಎಣ್ಣೆ 18ರಿಂದ 5ಕ್ಕೆ ಬಂದು ಹೋಳಿ ಹುಣ್ಣಿಮೆಯೂ ಕಳೆದ ಮೇಲೆ ಆ ಸ್ಟಾಕು ಆದಿಲ್‌ಶಾಹಿ ಕಾಲದ್ದಿರಬೇಕು. ಬೇರೆ ಅಂಗಡಿ ನೋಡಿ.

ದೋಷ: ನಾಲ್ವರು ಮಕ್ಕಳು, ಒಂದೇ ಖಾತೆ, ಯಾರನ್ನು ನಾಮಿನಿ ಮಾಡಿದರೂ ಉಳಿದ ಮೂವರು ದೀಪಾವಳಿಗೆ ಬರುವುದಿಲ್ಲ.
ಪರಿಹಾರ: 2025ರ ನವೆಂಬರ್ 1ರಿಂದ ನಾಲ್ವರನ್ನೂ ಬರೆಯಬಹುದು, ಪಾಲು ಕೂಡಿಸಿದರೆ ನೂರಾಗಬೇಕು. ಲಾಕರಿಗೆ ಮಾತ್ರ ಒಬ್ಬರಾದ ಮೇಲೆ ಒಬ್ಬರು ಎಂಬ ಕ್ರಮ. ಐದನೆಯ ಮಗ ಇದ್ದರೆ ಈ ಉತ್ಪನ್ನ ಕೆಲಸ ಮಾಡುವುದಿಲ್ಲ.

ದೋಷ: ಬೆಳೆಗಾರನಾದ ತಮ್ಮ ಬಳಿಯೂ ಕೊಳ್ಳುವವರು ಜಿಎಸ್‌ಟಿ ನಂಬರು ಕೇಳುತ್ತಿದ್ದಾರೆ, ಇಲ್ಲದಿದ್ದರೆ ಶೇ 5 ಹಿಡಿದುಕೊಂಡು ರೊಕ್ಕ ಕೊಡುವೆವು ಎನ್ನುತ್ತಿದ್ದಾರೆ.
ಪರಿಹಾರ: 2025ರ ಫೆಬ್ರುವರಿ 14ರ ಸುತ್ತೋಲೆಯ ಪ್ರತಿ ತೋರಿಸಿ, ಜೊತೆಗೆ ಉತಾರ. ಸುತ್ತೋಲೆಯ ನಂಬರು 247/04/2025. ಕಾಕಾ ಇದನ್ನು ಮಗನ ಕಡೆಯಿಂದ ಮೊಬೈಲಿನಲ್ಲಿ ಇಳಿಸಿಕೊಂಡು, ಬಬಲೇಶ್ವರ ನಾಕಾದ ಹತ್ತಿರ ಎರಡು ಝೆರಾಕ್ಸ್ ತೆಗೆಸಿ, ಒಂದನ್ನು ದೇವರ ಜಗಲಿಯ ಮೇಲೂ ಒಂದನ್ನು ಅಂಗಿಯ ಒಳಕಿಸೆಯಲ್ಲೂ ಇಟ್ಟಿದ್ದಾರೆ. ದರ ಹೇಳುವ ಮೊದಲು ಆ ಒಳಕಿಸೆಯದನ್ನು ಹೊರಗೆ ತೆಗೆಯುತ್ತಾರೆ.

"ಇಂಗ್ಲೀಷಿನ್ಯಾಗ ಐತಲ್ರಿ ಕಾಕಾ, ಏನ ಬರದಾರ?"

"ಅದನ್ನ ನೀ ಓದಿ ನಂಗ ಹೇಳಬೇಕ. ಹೇಳೂ ತನಕ ಮಾಲ ಎತ್ತಾಂಗಿಲ್ಲ."